ಮಾಪುಸಾ ಶುಕ್ರವಾರದ ಸಂತೆ: ತರಕಾರಿ ಬಿಟ್ಟು ಉಳಿದೆಲ್ಲಕ್ಕೂ ಹೋಗಿ

ಗೋವಾಕ್ಕೆ ವರ್ಗವಾಗಿ ಬಂದ ಕನ್ನಡಿಗರಿಗೆ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: ಶುಕ್ರವಾರ ಮಾಪುಸಾಕ್ಕೆ ಹೋಗಿ, ತಾಜಾ ತರಕಾರಿ ಸಿಗುತ್ತದೆ. ಸಂತೆಗೆ ಹೋಗಿ ಎನ್ನುವುದನ್ನು ನಾನೂ ಹೇಳುತ್ತೇನೆ. ತರಕಾರಿಗಾಗಿ ಹೋಗಿ ಎಂದರೆ ಮಾತ್ರ ಒಪ್ಪುವುದಿಲ್ಲ.

ಪರ್ವರಿಯಲ್ಲಿ ಮನೆ ಮಾಡಿಕೊಂಡ ಹೊಸತರಲ್ಲಿ ಕೊಂಕಣಿಯಲ್ಲಿ ದರ ಕೇಳುವುದನ್ನು ಪಕ್ಕದ ಮನೆಯವರಿಂದ ಕಲಿತು ಹೋಗಿದ್ದೆ. ಟೊಮೆಟೊ ರಾಶಿಯ ಮುಂದೆ ನಿಂತು ಬಾಯಿ ತೆರೆಯುವಷ್ಟರಲ್ಲಿ "ಎಷ್ಟು ಹಾಕಲಿ ಅಕ್ಕಾ?" ಎಂದು ಮಾರುವವನೇ ಕನ್ನಡದಲ್ಲಿ ಕೇಳಿದ. ಟೊಮೆಟೊ, ಬೀನ್ಸ್, ಹೂಕೋಸು, ಎಲೆಕೋಸು ಹೆಚ್ಚಿನವು ಬೆಳಗಾವಿ ಕಡೆಯಿಂದ ಚೋರ್ಲಾ ಘಾಟಿ ಇಳಿದು ಬರುತ್ತವೆ. ಮಾರುವವರಲ್ಲಿಯೂ ಎಷ್ಟೋ ಜನ ಉತ್ತರ ಕರ್ನಾಟಕದವರು. ಕನ್ನಡ ಕಿವಿಗೆ ಬಿದ್ದರೆ ಸಂತೋಷವೇ, ಆದರೆ ಆ ಸಂತೋಷಕ್ಕೆ ಕಿಲೋಗೆ ಇಷ್ಟು ಎಂದು ಹೆಚ್ಚು ಕೊಡಬೇಕಾಗಿಲ್ಲ. ಅದೇ ಬೆಳಗಾವಿಯ ತರಕಾರಿಯನ್ನು ಗೋವಾ ರಾಜ್ಯ ತೋಟಗಾರಿಕಾ ನಿಗಮದವರು ತಮ್ಮ ಗೂಡಂಗಡಿಗಳಲ್ಲಿ ಸಬ್ಸಿಡಿ ದರಕ್ಕೆ ಮಾರುತ್ತಾರೆ. ದರದ ಪಟ್ಟಿ ಎದುರಿಗೇ ತೂಗುಹಾಕಿರುತ್ತದೆ. ವಾರದ ತರಕಾರಿಯನ್ನು ಮನೆಯ ಹತ್ತಿರದ ಗೂಡಂಗಡಿಯಲ್ಲಿ ಮುಗಿಸಿಕೊಳ್ಳಿ. ಸಂತೆಗೆ ದೊಡ್ಡ ಖಾಲಿ ಚೀಲದೊಂದಿಗೆ ಹೋಗಿ.

ಸಂತೆಯಲ್ಲಿ ನೋಡಬೇಕಾದದ್ದು ಒಳಗಿನ ಅಂಗಡಿ ಸಾಲುಗಳಿಗಿಂತ ಅಂಚಿನಲ್ಲಿ ನೆಲದ ಮೇಲೆ ಕುಳಿತವರನ್ನು. ಬಾರ್ದೇಸ್ ತಾಲ್ಲೂಕಿನ ಹಳ್ಳಿಗಳಿಂದ ಬೆಳಗಿನ ಬಸ್ಸಿಗೆ ಬರುವ ಹೆಂಗಸರು ಇವರು. ಗುರುತಿಸುವುದು ಸುಲಭ. ಯಾವುದೂ ರಾಶಿ ಇರುವುದಿಲ್ಲ. ಗೋಣಿತಾಟಿನ ಮೇಲೆ ಐದಾರು ತೆಂಗಿನಕಾಯಿ, ಎರಡು ಚಿಪ್ಪು ಬಾಳೆ, ಕೆಂಪು ಹರಿವೆಯ ನಾಲ್ಕು ಕಟ್ಟು, ಒಂದು ಪಪ್ಪಾಯಿ, ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿದ ಹುಳಿ. ಹೀಗೆ ಬೆರಕೆಯಾಗಿ ಇಟ್ಟುಕೊಂಡವರ ಸರಕು ಅವರ ಹಿತ್ತಿಲಿನದ್ದೇ. ಚೌಕಾಸಿ ಇಲ್ಲಿ ನಡೆಯುವುದಿಲ್ಲ. ಒಬ್ಬ ಅಜ್ಜಿಗೆ ಸ್ವಲ್ಪ ಕಡಿಮೆ ಮಾಡಿ ಎಂದೆ. ಅವರು ಗುಪ್ಪೆಯಿಂದ ಎರಡು ಅಂಬಟೆಕಾಯಿ ತೆಗೆದು ಪಕ್ಕಕ್ಕಿಟ್ಟು, ಈಗ ಸರಿಯಾಯಿತಲ್ಲ ಎನ್ನುವ ಹಾಗೆ ನನ್ನ ಮುಖ ನೋಡಿದರು. ಹೇಳಿದ ದರಕ್ಕೇ ಕೊಂಡೆ, ಆ ಎರಡೂ ಸೇರಿ.

ನನ್ನ ಮಟ್ಟಿಗೆ ಈ ಸಂತೆಯ ಮುಖ್ಯ ಸರಕು ಮುರುಗಲು, ಅಂದರೆ ಕೋಕಂ. ಸಾಗರದ ಕಡೆಯವಳಾದ ನನಗೆ ಹೊಸದೇನಲ್ಲ, ಆದರೆ ಇಷ್ಟು ಮುತುವರ್ಜಿಯಿಂದ ಒಣಗಿಸಿದ ಸಿಪ್ಪೆಯನ್ನು ನಮ್ಮೂರ ಪೇಟೆಯಲ್ಲಿ ನಾನು ಕಂಡಿರಲಿಲ್ಲ. ಇಲ್ಲಿ ಅದನ್ನು 'ಸೊಲಾಂ' ಎನ್ನುತ್ತಾರೆ. ಹಣ್ಣಿನ ಸಿಪ್ಪೆಯನ್ನು ಅದರದ್ದೇ ಉಪ್ಪು ಬೆರೆತ ರಸದಲ್ಲಿ ಅದ್ದಿ ಬಿಸಿಲಿಗೆ ಹಾಕಿ, ಮತ್ತೆ ಅದ್ದಿ ಮತ್ತೆ ಒಣಗಿಸುತ್ತಾರೆ. ಕೊಳ್ಳುವಾಗ ಕಣ್ಣನ್ನು ನಂಬಬೇಡಿ, ಬೆರಳನ್ನು ನಂಬಿ. ಒಳ್ಳೆಯದು ಕಪ್ಪುನೇರಳೆ ಬಣ್ಣದ್ದು, ಮೆತ್ತಗೆ, ಹಿಚುಕಿದರೆ ಬೆರಳಿಗೆ ಅಂಟುತ್ತದೆ. ಮೇಲೆ ಬಿಳಿ ಉಪ್ಪು ಹರಳುಗಟ್ಟಿ ಗರಿಗರಿಯಾಗಿ ಮುರಿಯುವುದಾದರೆ ಅದು ಹಳೆಯ ದಾಸ್ತಾನು, ತೂಕದಲ್ಲಿ ಉಪ್ಪಿನ ಪಾಲೇ ಹೆಚ್ಚು. ಹಳ್ಳಿಯ ಹೆಂಗಸರು ಚೀಲ ಬಿಚ್ಚಿ ಒಂದು ಎಸಳನ್ನು ಕೈಗೆ ಕೊಡುತ್ತಾರೆ, ನಾಲಿಗೆಗೆ ಹಚ್ಚಿ ನೋಡಿ. ಹೊಸ ಸರಕು ಬರುವುದು ಏಪ್ರಿಲ್, ಮೇ ತಿಂಗಳುಗಳಲ್ಲಿ. ವರ್ಷಕ್ಕೆ ಬೇಕಾದಷ್ಟನ್ನು ಆಗಲೇ ಭರಣಿಗೆ ತುಂಬಿಸಿಡುವುದು ಒಳ್ಳೆಯದು. ಅದೇ ಹೆಂಗಸರ ಬಳಿ ಕೆಲವೊಮ್ಮೆ ಮುಷ್ಟಿಗಾತ್ರದ ಮಾಸಲು ಬಿಳಿ ಉಂಡೆಗಳಿರುತ್ತವೆ. ಮೇಣವೆಂದು ಎಷ್ಟೋ ಜನ ಕೇಳದೆಯೇ ಮುಂದೆ ಹೋಗುತ್ತಾರೆ. ಅದು ಮುರುಗಲು ಬೀಜದ ತುಪ್ಪ. ಒಡೆದ ಹಿಮ್ಮಡಿಗೆ ಅದಕ್ಕಿಂತ ಒಳ್ಳೆಯ ಮದ್ದನ್ನು ನಾನು ಯಾವ ಔಷಧಿ ಅಂಗಡಿಯಲ್ಲೂ ಕೊಂಡಿಲ್ಲ.

ತೆಂಗಿನ ಬೆಲ್ಲವನ್ನೂ ಬಿಡಬೇಡಿ. ತೆಂಗಿನ ಮರದಿಂದ ಇಳಿಸಿದ ರಸವನ್ನು ಕಾಯಿಸಿ ಮಾಡಿದ್ದು, ಪುಟ್ಟ ಗೋಪುರದ ಆಕಾರ, ಬಣ್ಣ ಹೆಚ್ಚು ಕಡಿಮೆ ಕಪ್ಪು. ಹೊಗೆಯ ವಾಸನೆ ತುಸು ಇದೆ, ಆದ್ದರಿಂದ ಪಾಯಸಕ್ಕೆ ಹಾಕಿದಾಗ ನಮ್ಮ ಮನೆಯಲ್ಲಿ ಅರ್ಧ ಜನ ಮೂಗು ಮುರಿದರು. ಕಾಯಿ ಕಡುಬಿನ ಹೂರಣಕ್ಕೆ ಹಾಕಿದ ಮೇಲೆ ಅವರೇ ಕೇಳಿ ಹಾಕಿಸಿಕೊಂಡರು. ಹತ್ತಿರದ ಮೊಯ್ರಾ ಊರಿನ ಬಾಳೆಹಣ್ಣು ಉದ್ದಕ್ಕೆ, ದಪ್ಪಕ್ಕೆ ಇರುತ್ತದೆ. ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಊಟದ ನಂತರ ಸುಲಿದು ತಿನ್ನಲು ನನಗೆ ನಮ್ಮ ಪುಟ್ಟಬಾಳೆಯೇ ಇಷ್ಟ, ಹಲ್ವಕ್ಕೆ ಮಾತ್ರ ಇದೇ ಆಗಬೇಕು. ಮೆಣಸಿನಕಾಯಿಯಲ್ಲಿ ಪೆಡ್ನೆ ತಾಲ್ಲೂಕಿನ ಹರ್ಮಲ್ ಕೇಳಿ. ಬ್ಯಾಡಗಿಯೂ ಸಿಗುತ್ತದೆ, ಆದರೆ ಅದನ್ನು ಕೊಳ್ಳಲು ನಾವು ಘಾಟಿ ಇಳಿದು ಬರಬೇಕಾಗಿರಲಿಲ್ಲ.

ಮೇ ತಿಂಗಳಿನಲ್ಲಿ ಗದ್ದಲ ಹೆಚ್ಚು. ಮಳೆಗಾಲದ ದಾಸ್ತಾನಿಗೆ ಇಡೀ ಊರು ಇಳಿಯುತ್ತದೆ. ಈ ಖರೀದಿಗೆ 'ಪುರುಮೆಂತ್' ಎಂದೇ ಹೆಸರು. ಒಣಮೀನು, ಮೆಣಸಿನಕಾಯಿ, ಹುಳಿ, ಈರುಳ್ಳಿ ಜಡೆ, ಕೆಂಪು ಕುಚ್ಚಲಕ್ಕಿ. ಒಣಮೀನಿನ ಸಾಲನ್ನು ನಾನು ಸೆರಗು ಮೂಗಿಗೆ ಹಿಡಿದು ದಾಟುತ್ತೇನೆ. ಮಂಗಳೂರಿನ ನನ್ನ ಗೆಳತಿಗೆ ಅದೇ ಸಂತೆಯ ಪ್ರಾಣ. ಹೂಮಾಲೆಯ ಹಾಗೆ ತೂಗುಹಾಕಿದ ಗೋವಾ ಸಾಸೇಜುಗಳ ಬಗ್ಗೆಯೂ ಅವಳನ್ನೇ ಕೇಳಬೇಕು.

ಗೋಡಂಬಿಯ ವಿಷಯದಲ್ಲಿ ನನ್ನದು ತಕರಾರೇ. ಊರಿನದ್ದು ಎಂದು ಆಣೆ ಹಾಕಿ ಒಂದು ಅಂಗಡಿಯವರು ಕೊಟ್ಟ ಪೊಟ್ಟಣವನ್ನು ಮನೆಯಲ್ಲಿ ತೆರೆದರೆ ಕಮಟು ವಾಸನೆ. ಆಫ್ರಿಕಾದಿಂದ ಕಚ್ಚಾ ಗೋಡಂಬಿ ನಮ್ಮ ದೇಶಕ್ಕೆ ಬಹಳಷ್ಟು ಬರುತ್ತದೆ. ಪೊಟ್ಟಣದ ಮೇಲಿನ ತೆಂಗಿನ ಮರದ ಚಿತ್ರದಿಂದ ಒಳಗಿನ ಬೀಜದ ಊರು ತಿಳಿಯುವುದಿಲ್ಲ. ಸಿಪ್ಪೆ ಸಮೇತ ಹುರಿದದ್ದನ್ನು, ಬಿಡಿಯಾಗಿ ಮಾರುವವರಿಂದ, ಒಂದು ಬೀಜ ಬಾಯಿಗೆ ಹಾಕಿಕೊಂಡು ನೋಡಿಯೇ ಕೊಳ್ಳಿ.

ಹೋಗುವುದಾದರೆ ಪಣಜಿಯಿಂದ ಬಸ್ಸೇ ವಾಸಿ. ನಿಲ್ದಾಣ ಸಂತೆಗೆ ಹತ್ತಿರವೇ ಇದೆ. ಕಾರು ತಂದವರು ಶುಕ್ರವಾರ ಜಾಗ ಹುಡುಕುವುದರಲ್ಲೇ ಸುಸ್ತಾಗುತ್ತಾರೆ. ಅಂಗಡಿಗಳಲ್ಲಿ ಮೊಬೈಲಿನಿಂದ ಹಣ ಕಳಿಸಬಹುದು, ಆದರೆ ನೆಲದ ಮೇಲೆ ಕುಳಿತ ಅಜ್ಜಿಯರಿಗೆ ಹತ್ತು, ಇಪ್ಪತ್ತರ ನೋಟುಗಳೇ ಬೇಕು. ಐನೂರರ ನೋಟು ತೋರಿಸಿದರೆ ಮುಖ ತಿರುಗಿಸುತ್ತಾರೆ, ನ್ಯಾಯವೇ. ಮಧ್ಯಾಹ್ನದ ಹೊತ್ತಿಗೆ ಹಳ್ಳಿಯವರು ವಾಪಸು ಬಸ್ಸು ಹತ್ತಿರುತ್ತಾರೆ. ಆಮೇಲೆ ಉಳಿಯುವುದು ಪ್ರವಾಸಿಗರಿಗೆ ಟೀ ಶರ್ಟು, ಮಸಾಲೆ ಪೊಟ್ಟಣ ಮಾರುವವರು ಮತ್ತು ಅವರ ಪ್ರವಾಸಿ ದರ.

ಮಳೆಗಾಲದಲ್ಲಿ ಕೊಡೆ ಬೇಡ, ರೇನ್‌ಕೋಟು ತೊಟ್ಟು ಹೋಗಿ. ಸಾಲುಗಳ ನಡುವೆ ಎರಡು ಕೊಡೆ ಎದುರಾದರೆ ಯಾರಾದರೊಬ್ಬರ ತಲೆಯ ಮೇಲೆ ತಾಡಪಾಲಿನ ನೀರು ಸುರಿಯುವುದು ಖಂಡಿತ. ನೆಲ ಜಾರುತ್ತದೆ, ಕೆಸರು ಸೀರೆಗೆ ಸಿಡಿಯುತ್ತದೆ. ಆದರೆ ತಗಟೆ ಸೊಪ್ಪು, ಕಳಲೆ (ಎಳೆ ಬಿದಿರಿನ ಮೊಳಕೆ) ಬರುವುದು ಆಗಲೇ. ಮಲೆನಾಡಿನವರಿಗೆ ಬೇರೆ ಕಾರಣ ಬೇಕಿಲ್ಲ. ಕಳಲೆ ಬೇಕೆಂದರೆ ಬೆಳಿಗ್ಗೆ ಎಂಟರ ಒಳಗೆ ಅಲ್ಲಿರಿ, ತಡವಾಗಿ ಹೋದವರಿಗೆ ಅದು ಸಿಗುವುದಿಲ್ಲ.