ಚನ್ನಗಿರಿಯಿಂದ ಪುಣೆಗೆ ಬಂದ ವಿಲೀಸ್ ಪಿಕಪ್: ಒಂದು ವಾಹನ ಸಾಗಣೆ ಸೇವೆಯ ಅನುಭವ

ಚನ್ನಗಿರಿ ತಾಲ್ಲೂಕಿನ ಅಡಿಕೆ ತೋಟದ ಕೊಟ್ಟಿಗೆಯಲ್ಲಿ ಹನ್ನೊಂದು ವರ್ಷ ನಿಂತಿದ್ದ ನಮ್ಮ ಸೋದರಮಾವನವರ 1956ರ ವಿಲೀಸ್ ಜೀಪ್ ಪಿಕಪ್ಪನ್ನು ಕಳೆದ ಫೆಬ್ರವರಿಯಲ್ಲಿ ಪುಣೆಗೆ ತರಿಸಿಕೊಂಡೆ. ದಾರಿ ಆರುನೂರು ಕಿಲೋಮೀಟರ್‌ಗೂ ಹೆಚ್ಚು. ಎಂಜಿನ್ ಚಾಲೂ ಆಗುತ್ತಿತ್ತಾದರೂ ಬ್ರೇಕನ್ನು ನಂಬುವಂತಿರಲಿಲ್ಲ; ಆದ್ದರಿಂದ ಪುಣೆ ಬಳಿಯ ನಿಗಡಿಯ ಟ್ರಾನ್ಸ್‌ಪೋರ್ಟ್ ನಗರಿಯಲ್ಲಿರುವ ಒಂದು ಸಾಗಣೆ ಸಂಸ್ಥೆಗೆ ಕೆಲಸವನ್ನು ವಹಿಸಿದೆ. ಆ ಸಂಸ್ಥೆಯ ಕಚೇರಿಯ ಬಗ್ಗೆ ನನಗೆ ಅಸಮಾಧಾನವಿದೆ, ಅದರ ಚಾಲಕರ ಬಗ್ಗೆ ಅಪಾರ ಗೌರವವಿದೆ. ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಯಾವ ಸಂಸ್ಥೆಯಿಂದಲಾದರೂ ಏನನ್ನು ಕೇಳಿ ಪಡೆಯಬೇಕು ಎಂಬುದನ್ನೇ ಮುಖ್ಯವಾಗಿ ಹೇಳುತ್ತೇನೆ.

ಫೋನಿನಲ್ಲಿ ಗಾಡಿಯ ಉದ್ದ, ತೂಕ, ಅದು ಫೋರ್ ವೀಲ್ ಡ್ರೈವ್ ಎಂಬ ಸಂಗತಿ ಎಲ್ಲವನ್ನೂ ಎರಡು ಸಲ ಹೇಳಿದ್ದರೂ, ಮೊದಲ ದಿನ ತೋಟದ ಬಾಗಿಲಿಗೆ ಬಂದದ್ದು ಮುಂದಿನ ಗಾಲಿಗಳನ್ನು ಎತ್ತಿ ಹಿಂದಿನ ಗಾಲಿಗಳ ಮೇಲೆ ಎಳೆದೊಯ್ಯುವ ಕ್ರೇನ್ ಗಾಡಿ. ಕೆಟ್ಟು ನಿಂತ ಕಾರನ್ನು ಊರೊಳಗಿನ ಗ್ಯಾರೇಜಿಗೆ ಸೇರಿಸಲು ಅದು ಸಾಕು. ಆದರೆ ಹೀಗೆ ಎಳೆಯುವಾಗ ಹಿಂದಿನ ಗಾಲಿಗಳು ಆಕ್ಸಲ್ಲನ್ನೂ, ಆ ಆಕ್ಸಲ್ ತನಗೆ ಜೋಡಿಸಿದ ಉದ್ದ ದಂಡವಾದ ಪ್ರೊಪೆಲ್ಲರ್ ಶಾಫ್ಟನ್ನೂ, ಆ ಶಾಫ್ಟ್ ಎರಡೂ ಆಕ್ಸಲ್ಲಿಗೆ ಬಲ ಹಂಚುವ ಗೇರುಪೆಟ್ಟಿಗೆಯಾದ ಟ್ರಾನ್ಸ್‌ಫರ್ ಕೇಸಿನ ಒಳಭಾಗಗಳನ್ನೂ ತಿರುಗಿಸುತ್ತಲೇ ಇರುತ್ತವೆ. ಎಂಜಿನ್ ಬಂದಾಗಿರುವುದರಿಂದ ಎಣ್ಣೆಯನ್ನು ಮೇಲಕ್ಕೆ ಚಿಮ್ಮಿಸಬೇಕಾದ ಗೇರುಗಳು ನಿಂತೇ ಇರುತ್ತವೆ. ನೂರಾರು ಕಿಲೋಮೀಟರ್ ಹೀಗೆ ಒಣಗಿ ತಿರುಗಿದ ಬೇರಿಂಗ್ ಸವೆದುಹೋಗದೆ ಉಳಿಯುವುದು ಕಷ್ಟ. ‘ಶಾಫ್ಟ್ ಬಿಚ್ಚಿ ಎಳೆಯೋಣ’ ಎಂದು ಬಂದವರು ಹೇಳಿದರು. ಈ ವಿಲೀಸಿನಲ್ಲಿ ಕೈಬ್ರೇಕ್ ಗಾಲಿಯಲ್ಲಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂಬದಿಯಲ್ಲಿದೆ. ಶಾಫ್ಟ್ ಬಿಚ್ಚಿದರೆ ಕೈಬ್ರೇಕೂ ಹೋದಂತೆಯೇ. ಮಾವನವರು ಕೈಮುಗಿದು ಅವರನ್ನು ವಾಪಸು ಕಳುಹಿಸಿದರು. ಫ್ಲಾಟ್‌ಬೆಡ್ (ಇಡೀ ಗಾಡಿಯನ್ನು ಮೇಲೆ ಹೊತ್ತೊಯ್ಯುವ ಚಪ್ಪಟೆ ಹಾಸಿನ ಲಾರಿ) ಬರಲು ಮತ್ತೆ ನಾಲ್ಕು ದಿನ ಹಿಡಿಯಿತು, ಕಚೇರಿಯವರು ಒಮ್ಮೆಯೂ ತಾವಾಗಿ ಕರೆ ಮಾಡಲಿಲ್ಲ.

ಫ್ಲಾಟ್‌ಬೆಡ್ ತಂದ ಚಾಲಕರು ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು, ಇಪ್ಪತ್ತು ವರ್ಷದಿಂದ ಪುಣೆಯಲ್ಲಿ ನೆಲೆಸಿದವರು. ಅವರು ಗಾಡಿಯನ್ನು ಮುಟ್ಟುವ ಮೊದಲು ನೆಲದ ಮೇಲೆ ಗೋಣಿಚೀಲ ಹಾಸಿ, ಅಂಗಾತ ಮಲಗಿ, ಹಿಂದಿನ ಆಕ್ಸಲ್ಲಿನ ಉದ್ದಕ್ಕೂ ಟಾರ್ಚ್ ಬಿಟ್ಟು ನೋಡಿದರು. ಹುಡುಕುತ್ತಿದ್ದದ್ದು ಬ್ರೇಕಿನ ಪೈಪನ್ನು. ಆ ಕಾಲದ ಗಾಡಿಗಳಲ್ಲಿ ನಾಲ್ಕೂ ಗಾಲಿಗೆ ಒಂದೇ ಮಾಸ್ಟರ್ ಸಿಲಿಂಡರ್ (ಪೆಡಲ್ ತುಳಿದಾಗ ಬ್ರೇಕ್ ಎಣ್ಣೆಯನ್ನು ಒತ್ತುವ ಭಾಗ), ಒಂದೇ ಪೈಪ್ ಸಾಲು. ಗಾಡಿಯನ್ನು ಕಟ್ಟುವ ಪಟ್ಟಿಯ ಕೊಕ್ಕೆ ಸಿಕ್ಕಿ ಪೈಪ್ ಒಂದೆಡೆ ಒಡೆದು ಎಣ್ಣೆ ಸೋರಿದರೂ ನಾಲ್ಕೂ ಬ್ರೇಕು ಹೋಗುತ್ತವೆ. ಪೈಪ್ ಹಾದುಹೋಗುವ ಜಾಗಕ್ಕೆ ಅವರು ಸೀಮೆಸುಣ್ಣದಿಂದ ಗುರುತು ಹಾಕಿಕೊಂಡರು.

ಲಾರಿಯ ವಿಂಚಿನಿಂದ (ಹಗ್ಗ ಸುತ್ತಿ ಎಳೆಯುವ ಯಂತ್ರ) ಎಳೆದು ಮೇಲೇರಿಸಿದ ಮೇಲೆ ನಾನು ಚೆಸ್ಸಿಗೆ, ಅಂದರೆ ಗಾಡಿಯ ಅಡಿಚೌಕಟ್ಟಿಗೆ, ಪಟ್ಟಿ ಬಿಗಿಯುವುದೇ ಭದ್ರವೆಂದು ಹೇಳಿದೆ. ಅವರು ಬೇಡವೆಂದು ತಲೆಯಾಡಿಸಿದರು. ‘ಗಾಲಿ ಕಟ್ಟಬೇಕ್ರಿ ಸರ. ಚೆಸ್ಸಿ ಕಟ್ಟಿದ್ರ ಸ್ಪ್ರಿಂಗ್ ಕುಣಿದಾಗೊಮ್ಮೆ ಪಟ್ಟಿ ಸಡಿಲಾಗ್ತದ, ಮತ್ತ ಬಿಗೀತದ, ಕೊನಿಗೆ ಕೊಕ್ಕಿನೇ ಕಳಚ್ತದ.’ ಮಾತು ನಿಜ. ಹಳೆಯ ಲೀಫ್ ಸ್ಪ್ರಿಂಗನ್ನು ಕೆಳಕ್ಕೆ ಜಗ್ಗಿ ಕಟ್ಟಿದರೆ ಅದೂ ಸೋಲುತ್ತದೆ. ಗಾಲಿಯನ್ನು ಕಟ್ಟಿದರೆ ಗಾಡಿಯ ಮೈ ತನ್ನ ಸ್ಪ್ರಿಂಗಿನ ಮೇಲೆ ತಾನೇ ಏರಿಳಿಯುತ್ತದೆ. ನಾಲ್ಕೂ ಟೈರುಗಳ ಮೇಲೆ ರ‍್ಯಾಚೆಟ್ ಪಟ್ಟಿ, ಹಿಂದಿನ ಆಕ್ಸಲ್ಲಿಗೆ ಅಡ್ಡಡ್ಡವಾಗಿ ಇನ್ನೆರಡು, ಪಟ್ಟಿ ರಿಮ್ಮಿನ ಅಂಚಿಗೆ ತಾಗುವಲ್ಲಿ ಗೋಣಿಯ ತುಂಡು, ಗಾಲಿಗಳ ಮುಂದೆ ಹಿಂದೆ ಮರದ ಅಡೆ. ಬ್ಯಾಟರಿಯ ತಂತಿ ಕಳಚಿದರು, ಟ್ಯಾಂಕಿನಲ್ಲಿ ಒಂದೆರಡು ಲೀಟರ್ ಮಾತ್ರ ಉಳಿಸಿದರು. ಕೊನೆಗೆ ಪ್ರತಿ ಟೈರಿನಿಂದ ಹಾಸಿನವರೆಗೆ ಸೀಮೆಸುಣ್ಣದ ಒಂದು ಗೆರೆ ಎಳೆದರು.

ಆ ಗೆರೆಯ ಬೆಲೆ ದಾರಿಯಲ್ಲಿ ತಿಳಿಯಿತು. ನಾನೂ ಮಾವನವರೂ ಕಾರಿನಲ್ಲಿ ಹಿಂದೆಯೇ ಇದ್ದೆವು. ಸಂತೇಬೆನ್ನೂರು ದಾಟಿದ ಕೂಡಲೇ ಒಮ್ಮೆ, ಆಮೇಲೆ ನೂರು ಕಿಲೋಮೀಟರಿಗೊಮ್ಮೆಯಂತೆ ಚಾಲಕರು ನಿಲ್ಲಿಸಿ ಪ್ರತಿ ಪಟ್ಟಿಯನ್ನೂ ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದರು. ಸಂಕೇಶ್ವರದಲ್ಲಿ ಎಡಹಿಂಬದಿಯ ಗೆರೆ ಒಂದು ಬೆರಳಿನಷ್ಟು ಸರಿದಿತ್ತು. ಹಳೆಯ ಟೈರಿನ ಗಾಳಿ ಇಳಿದು ಪಟ್ಟಿ ಜೋಲು ಬಿದ್ದಿತ್ತು. ಮುಂದೆ ತವಂದಿ ಘಾಟ್ ಇದೆ ಎನ್ನುವಾಗ ಪಂಕ್ಚರ್ ಅಂಗಡಿಯಲ್ಲಿ ಗಾಳಿ ತುಂಬಿಸಿ, ಪಟ್ಟಿಯನ್ನು ಪೂರ್ತಿ ಬಿಚ್ಚಿ, ಹೊಸದಾಗಿ ಕಟ್ಟಿದರು. ಮುಕ್ಕಾಲು ಗಂಟೆ ಹೋಯಿತು, ನನಗೆ ಒಂದಿಷ್ಟೂ ಬೇಸರವಾಗಲಿಲ್ಲ.

ನನಗೆ ನಿಜವಾದ ಭಯವಿದ್ದದ್ದು ಪುಣೆ ಪ್ರವೇಶಿಸುವಲ್ಲಿರುವ ಕಾತ್ರಜ್‌ನ ಹೊಸ ಸುರಂಗದಿಂದ ನವಲೆ ಸೇತುವೆಯವರೆಗಿನ ಇಳಿಜಾರಿನ ಬಗ್ಗೆ. 2022ರ ನವೆಂಬರ್‌ನಲ್ಲಿ ಅಲ್ಲಿ ಒಂದು ಲಾರಿಯಿಂದಾಗಿ ಹತ್ತಾರು ವಾಹನಗಳು ಜಖಂಗೊಂಡದ್ದನ್ನು ಪುಣೆಯವರು ಮರೆತಿಲ್ಲ. ಡೀಸೆಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಇಳಿಯುವ ಲಾರಿಗಳನ್ನು ನಾನೇ ಕಂಡಿದ್ದೇನೆ. ನಮ್ಮ ಚಾಲಕರು ಸುರಂಗಕ್ಕೆ ಮೊದಲೇ ಗೇರು ಇಳಿಸಿ, ಎಡ ಲೇನ್ ಹಿಡಿದು, ಹಿಂದಿನವರ ಹಾರ್ನಿಗೆ ಕಿವಿಗೊಡದೆ, ಎಂಜಿನ್ನಿನ ಹಿಡಿತದಲ್ಲೇ ಪೂರ್ತಿ ಇಳಿದರು.

ಒಂದು ಹಾನಿಯಾಯಿತು. ಹಿಂಬಾಗಿಲಿನ ಸರಪಳಿಯನ್ನು ಯಾರೂ ಕಟ್ಟಿರಲಿಲ್ಲ; ಅದು ದಾರಿಯುದ್ದಕ್ಕೂ ಬಡಿದು ಅಂಗೈಯಗಲ ಬಣ್ಣ ಕಿತ್ತಿದೆ. ಹೊರಡುವ ಮೊದಲು ನಾನು ತೆಗೆದಿಟ್ಟ ಫೋಟೋಗಳಲ್ಲಿ ಆ ಜಾಗ ಸರಿಯಾಗಿಯೇ ಇದೆ. ಸಾಗಣೆ ವಿಮೆಯ ಕಾಗದದಲ್ಲಿ ಗಾಡಿಯ ನೋಂದಣಿ ಸಂಖ್ಯೆ, ಚೆಸ್ಸಿ ಸಂಖ್ಯೆ, ಮೌಲ್ಯ ಮೂರನ್ನೂ ಬರೆಸಿಕೊಂಡಿದ್ದೆ, ಹಾಗಾಗಿ ಕೇಳುವ ಹಕ್ಕು ನನಗಿದೆ. ಆದರೆ ಕಚೇರಿಯವರು ಮೂರು ವಾರದಿಂದ ‘ನಾಳೆ ನೋಡುತ್ತೇವೆ’ ಎನ್ನುತ್ತಿದ್ದಾರೆ. ಕೊಟ್ಟದ್ದು 34,000 ರೂಪಾಯಿ, ವಿಮೆ ಬೇರೆ. ಚಾಲಕರ ಕೆಲಸಕ್ಕೆ ಅದು ಹೆಚ್ಚಲ್ಲ, ಕಚೇರಿಯ ಕೆಲಸಕ್ಕೆ ಖಂಡಿತವಾಗಿಯೂ ಹೆಚ್ಚು.

ಕೋಥ್ರೂಡಿನ ನಮ್ಮ ಓಣಿಗೆ ಫ್ಲಾಟ್‌ಬೆಡ್ ತಿರುಗಲಿಲ್ಲ. ಮುಖ್ಯರಸ್ತೆಯಲ್ಲೇ ಇಳಿಸಿ, ಅಕ್ಕಪಕ್ಕದವರೆಲ್ಲ ಸೇರಿ ಮನೆಯವರೆಗೆ ತಳ್ಳಿದೆವು. ಮಾವನವರು ಸ್ಟಿಯರಿಂಗ್ ಹಿಡಿದು ಕೂತಿದ್ದರು. ಚಾಲಕರು ಗಾಲಿಗೆ ಅಡೆ ಕೊಡಲು ಮರದ ತುಂಡನ್ನು ಕೈಯಲ್ಲಿ ಹಿಡಿದುಕೊಂಡು ಕೊನೆಯವರೆಗೂ ಪಕ್ಕದಲ್ಲೇ ನಡೆದು ಬಂದರು.