ಆಟಿ ತಿಂಗಳ ಮಳೆಗೆ ಚಿಪ್ಪಣಬೆಯ ಸ್ಪೋರ್ ತೆಗೆದಿಡುವವರು ಗಮನಿಸಿ

ಕಾಸರಗೋಡಿನ ಬದಿಯಡ್ಕದ ಕಡೆ ಜುಲೈಯಲ್ಲಿ ಕಟ್ಟಿಟ್ಟ ಎಂಟು ಪೊಟ್ಟಣ ಸ್ಪೋರಿನಲ್ಲಿ (ಅಣಬೆಯಿಂದ ಉದುರುವ, ಬೀಜದಂತಹ ನಯ ಹುಡಿ) ಒಂದೂ ಉಳಿಯಲಿಲ್ಲ. ಆರಕ್ಕೆ ಹದಿನೈದು ದಿನದೊಳಗೆ ಬೂಷ್ಟು: ಬಿಡಿಸಿದರೆ ಬಿಳಿ ಹುಡಿ ಇದ್ದಲ್ಲಿ ಹಸಿರು ಮಚ್ಚೆ, ಮುಗ್ಗಲು ವಾಸನೆ. ತೆಗೆದ ಕ್ರಮದಲ್ಲಿ ತಪ್ಪಿರಲಿಲ್ಲ, ಕೆಟ್ಟದ್ದು ಹುಡಿ ಒಣಗುವ ಮೊದಲೇ ಹಾಳೆ ಮಡಚುವ ಅವಸರದಲ್ಲಿ.

ಅಂಚು ಚಪ್ಪಟೆಯಾಗುತ್ತ ಬಂದ ಕೊಡೆ (ಅಣಬೆಯ ಅಗಲ ತಲೆ) ಆರಿಸಿ. ನೀರು ಚಿಮುಕಿಸಿದ ಕೂಡಲೇ ಕೊಯ್ಯಬೇಡಿ. ತೊಟ್ಟು ಕತ್ತರಿಸಿ, ಗೆರೆಯಿರುವ ಮಗ್ಗುಲು ಕೆಳಗಾಗಿ, ಸ್ಪಿರಿಟಿನಲ್ಲಿ ಒರೆಸಿ ಆರಿಸಿದ ಅಲ್ಯುಮಿನಿಯಂ ಹಾಳೆಯ ಮೇಲಿಟ್ಟು ಗಾಜಿನ ಬಟ್ಟಲು ಕವುಚಿ. ಬಿಳಿ ಕಾಗದ ಬೇಡ, ಹುಡಿ ಬಿದ್ದದ್ದೇ ಕಾಣುವುದಿಲ್ಲ. 12 ಗಂಟೆ ಸಾಕು. ಈ ಹವೆಯಲ್ಲಿ ಇನ್ನೂ ಬಿಟ್ಟರೆ ಕೊಡೆ ಕೊಳೆತು, ಅದರ ನೀರು ಹುಡಿಗೇ ಇಳಿಯುತ್ತದೆ.

ಕೊಡೆ ಎತ್ತಿದಾಗ ಹುಡಿ ಒಣಗಿದ ಹಾಗೇ ಕಾಣುತ್ತದೆ. ನಂಬಬೇಡಿ. ಹಾಳೆಯನ್ನು ಮಡಚದೆ, ತೇವ ಹೀರುವ ಸಿಲಿಕಾ ಜೆಲ್ ಹರಳು ಹಾಕಿದ ಬಿಗಿ ಮುಚ್ಚಳದ ಡಬ್ಬದಲ್ಲಿ ಎರಡು ದಿನ ಇಡಿ. ಬಣ್ಣ ತಿರುಗುವ ಜೆಲ್ಲೇ ಒಳ್ಳೆಯದು, ತಿರುಗಿದರೆ ಬದಲಿಸಿ. ಹುರಿದ ಅಕ್ಕಿ ಸಾಲದು. ಅಡಕೆಯ ಅಟ್ಟದಲ್ಲಿ ಒಣಗಿಸುವ ಉಪಾಯವಂತೂ ಬೇಡವೇ ಬೇಡ. ಹೊಗೆ, ಧೂಳು, ಅಡಕೆಯ ಬೂಷ್ಟು ಮೂರೂ ಬಂದು ಕೂರುತ್ತವೆ. ಆಮೇಲೆ ಮಡಚಿ, ಜಿಪ್ ಕವರಿಗೆ ಹಾಕಿ, ಅಣಬೆಯ ಹೆಸರು, ತಾರೀಕು ಬರೆದು, ಜೆಲ್ ಸಮೇತ ಗಾಜಿನ ಭರಣಿಯಲ್ಲಿ ಫ್ರಿಜ್ಜಿನಲ್ಲಿಡಿ. ಫ್ರೀಜರ್ ಬೇಡ.

ಉಳಿದೆರಡು ಪೊಟ್ಟಣ ಹೋದದ್ದು ಫ್ರಿಜ್ಜಿನಿಂದ ಹೊರಬಂದ ಮೇಲೆ. ತಣ್ಣಗಿನ ಭರಣಿಯ ಮುಚ್ಚಳ ತೆಗೆದದ್ದೇ ತಡ, ಮಳೆಗಾಲದ ಗಾಳಿಯ ತೇವ ಹಾಳೆಯ ಮೇಲೆ ಮಂಜಿನಂತೆ ಕೂತಿತು. ಎರಡು ಮೂರು ಗಂಟೆ ಮುಚ್ಚಿದ ಹಾಗೆಯೇ ಹೊರಗಿಟ್ಟು ತೆರೆದಿದ್ದರೆ ಉಳಿಯುತ್ತಿತ್ತು.

ಮಲಗುವ ಕೋಣೆಯಲ್ಲಿ ಈ ಕೆಲಸ ಬೇಡ, ಎನ್95 ಮಾಸ್ಕ್ ಇರಲಿ. ಚಿಪ್ಪಣಬೆಯ ಹುಡಿ ಕೆಲವರ ಶ್ವಾಸಕೋಶಕ್ಕೆ ಆಗುವುದಿಲ್ಲ. ಕೆಲವು ಗಂಟೆ ಕಳೆದು ಕೆಮ್ಮು, ಚಳಿಜ್ವರ, ಉಬ್ಬಸ ಬಂದರೆ ಮಳೆಯ ಶೀತ ಎಂದು ಸುಮ್ಮನಿರದೆ ಡಾಕ್ಟರಿಗೆ ಅಣಬೆಯ ವಿಷಯವನ್ನೂ ಹೇಳಿ.

ಹುಡಿಯನ್ನು ನೇರ ಬೈಹುಲ್ಲಿನ ಚೀಲಕ್ಕೆ ಉದುರಿಸಿದರೆ ಬೂಷ್ಟೇ ಮೊದಲು ಗೆಲ್ಲುತ್ತದೆ. ಮೊದಲು ಅಗರಿನಲ್ಲಿ (ಕಡಲ ಪಾಚಿಯಿಂದ ಮಾಡಿದ ಜೆಲ್ಲಿ) ಬೆಳೆಸಿ, ಆಮೇಲೆ ಕುಕ್ಕರಿನಲ್ಲಿ ಶುದ್ಧಿ ಮಾಡಿದ ಧಾನ್ಯಕ್ಕೆ ಸಾಗಿಸಬೇಕು. ಅಷ್ಟಾದರೂ ಸ್ಪೋರಿನಿಂದ ಬಂದ ತಳಿ ತಾಯಿಯಂತೆಯೇ ಇರುತ್ತದೆ ಎನ್ನುವಂತಿಲ್ಲ. ಬೆಳೆಯಷ್ಟೇ ಬೇಕಾದವರು ತಯಾರಾದ ಅಣಬೆ ಬೀಜ ಕೊಂಡು ತರುವುದೇ ಲೇಸು. ನಮ್ಮ ಪೇಟೆಯಲ್ಲಿ ಮಲಯಾಳದಲ್ಲಿ ‘ಕೂಣ್ ವಿತ್ತ್’ (ಅಣಬೆ ಬೀಜ) ಎಂದು ಕೇಳಿದರೆ ಬೇಗ ಅರ್ಥವಾಗುತ್ತದೆ.