ಹಳೆ ಸಿಸ್ಟಂಗೆ ಓಎಸ್ ಹಾಕುವ ಪೆನ್‌ಡ್ರೈವ್: ವೆಂಟಾಯ್, ರೂಫಸ್, ಡಿಡಿ

ಪೆನ್‌ಡ್ರೈವ್‌ನಿಂದ ಓಎಸ್ (ವಿಂಡೋಸ್, ಲಿನಕ್ಸ್ ಥರದ ಆಪರೇಟಿಂಗ್ ಸಿಸ್ಟಂ) ಹಾಕಲು ಆ ಪೆನ್‌ಡ್ರೈವನ್ನು ತಯಾರು ಮಾಡಿಕೊಡುವ ಮೂರು ಸಾಧನಗಳು ವೆಂಟಾಯ್, ರೂಫಸ್, ಡಿಡಿ. ನನ್ನ ಮತ ವೆಂಟಾಯ್‌ಗೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಈ ಹೋಲಿಕೆ ಬರೆಯಲು ಕೂತಿದ್ದು ವೆಂಟಾಯ್‌ಗೆಂದೇ ಆಸೆಪಟ್ಟು ಕೊಂಡ 256 ಜಿಬಿ ಪೆನ್‌ಡ್ರೈವ್‌ನಿಂದ. ಹೊಸ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಬೂಟ್ ಆದ ಅದು, ಯಾವ ಹಳೆ ಸಿಸ್ಟಂಗಳಿಗಾಗಿ ಕೊಂಡೆನೋ ಅಲ್ಲೇ ಕೈಕೊಟ್ಟಿತು.

ನನ್ನ ಮೇಜಿನ ಮೇಲೆ ಎಂಥ ಸಿಸ್ಟಂಗಳಿವೆ ಅಂತ ಹೇಳದೆ ಹೋಲಿಸಿದರೆ ಯಾರಿಗೂ ಉಪಯೋಗ ಇಲ್ಲ. ಒಂದು ಕೋರ್ 2 ಡ್ಯುಯೋ ಡೆಸ್ಕ್‌ಟಾಪ್. 2 ಜಿಬಿ ರ‍್ಯಾಮ್, ಯುಇಎಫ್‌ಐ ಅನ್ನುವುದೇ ಗೊತ್ತಿಲ್ಲದ ಹಳೆ ಬಯೋಸ್. (ಬಯೋಸ್ ಅಂದರೆ ಸಿಸ್ಟಂ ಆನ್ ಆದೊಡನೆ ಮೊದಲು ಓಡಿ ಓಎಸ್ ಶುರುಮಾಡಿಸುವ ತಂತ್ರಾಂಶ, ಯುಇಎಫ್‌ಐ ಅದರ ಹೊಸ ರೂಪ.) ಇನ್ನೊಂದು ಆಟಂ ಎನ್270 ಇರುವ ನೆಟ್‌ಬುಕ್. ಅದರಲ್ಲಿ 32 ಬಿಟ್ ಓಎಸ್ ಬಿಟ್ಟು ಬೇರೇನೂ ಓಡುವುದಿಲ್ಲ, ಡಿವಿಡಿ ಡ್ರೈವ್ ಕೂಡ ಇಲ್ಲ. ಮೂರನೆಯದು ಆಟಂ ಝಡ್3735ಎಫ್ ಇರುವ ಪುಟ್ಟ ಟಚ್ ಲ್ಯಾಪ್‌ಟಾಪ್. ಇದರ ಪ್ರೊಸೆಸರ್ 64 ಬಿಟ್, ಯುಇಎಫ್‌ಐ ಮಾತ್ರ 32 ಬಿಟ್. ಎಲ್ಲವೂ ನೆಂಟರು, ಅಕ್ಕಪಕ್ಕದವರು ತಂದುಕೊಟ್ಟವು. "ಎಸೆಯೋಕೆ ಮನಸ್ಸು ಬರ್ತಿಲ್ಲ ಅಣ್ಣ, ಮಕ್ಕಳು ಟೈಪಿಂಗ್ ಕಲಿಯೋಕಾದ್ರೂ ಆಗುತ್ತಾ ನೋಡಿ" ಅನ್ನುತ್ತಾರೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ಮುಗಿದ ಮೇಲೆ ಇಂಥವು ಬರುವುದು ಜಾಸ್ತಿಯೇ ಆಗಿದೆ.

ಈ ಮೂರಕ್ಕೂ ಒಂದೇ ಐಎಸ್‌ಒ (ಓಎಸ್ ಹಾಕಲು ಬೇಕಾದದ್ದೆಲ್ಲ ಇರುವ ಒಂದು ಫೈಲ್) ಆಗುವುದಿಲ್ಲ. ಒಂದಕ್ಕೆ 64 ಬಿಟ್ ಲಿನಕ್ಸ್, ಇನ್ನೊಂದಕ್ಕೆ 32 ಬಿಟ್, ಯಾರೋ ಒಬ್ಬರಿಗೆ ವಿಂಡೋಸೇ ಬೇಕು. ಅದೂ ಅಲ್ಲದೆ, ಒಂದು ಡಿಸ್ಟ್ರೊ (ಲಿನಕ್ಸ್‌ನ ಒಂದು ಬಗೆ) ಭಾರ ಆಯಿತು ಅಂದರೆ ಆಂಟಿಎಕ್ಸ್ ಥರದ ಹಗುರವಾದದ್ದನ್ನು ಹಾಕಿ ನೋಡಬೇಕು. ಪ್ರತಿ ಸಲ ಪೆನ್‌ಡ್ರೈವ್ ಅಳಿಸಿ ಮತ್ತೆ ಬರೆಯುತ್ತಾ ಕೂತರೆ ಭಾನುವಾರ ಪೂರ್ತಿ ಅದರಲ್ಲೇ ಹೋಗುತ್ತದೆ.

ವೆಂಟಾಯ್ ಗೆಲ್ಲುವುದು ಇಲ್ಲೇ. ಒಂದು ಸಲ ಪೆನ್‌ಡ್ರೈವ್‌ಗೆ ಹಾಕಿದರೆ ಮುಗಿಯಿತು. ಆಮೇಲೆ ಐಎಸ್‌ಒ ಫೈಲ್‌ಗಳನ್ನು ಹಾಡು, ಫೋಟೊ ಕಾಪಿ ಮಾಡಿದ ಹಾಗೆ ಸುಮ್ನೆ ಕಾಪಿ ಮಾಡುವುದು. ಬೂಟ್ ಮಾಡಿದಾಗ ಎಲ್ಲದರ ಪಟ್ಟಿ ಬರುತ್ತದೆ, ಬೇಕಾದ್ದನ್ನು ಆರಿಸಿಕೊಳ್ಳಬಹುದು. ಪೆನ್‌ಡ್ರೈವ್‌ನಲ್ಲಿ ವೆಂಟಾಯ್ ತನಗೆಂದು ಬೇರೆ ಮಾಡಿಕೊಳ್ಳುವ ಪುಟ್ಟ ಪಾರ್ಟಿಷನ್‌ನಲ್ಲಿ (ಡಿಸ್ಕ್‌ನ ಒಂದು ಭಾಗ) 32 ಬಿಟ್, 64 ಬಿಟ್ ಎರಡೂ ಯುಇಎಫ್‌ಐಗೆ ಬೇಕಾದ ಫೈಲ್‌ಗಳಿವೆ. ಹಾಗಾಗಿ ಆ ವಿಚಿತ್ರ ಟಚ್ ಲ್ಯಾಪ್‌ಟಾಪ್‌ನಲ್ಲೂ ಮೆನು ಬಂತು. ಆರಿಸಿಕೊಳ್ಳುವ ಐಎಸ್‌ಒ ಒಳಗೂ 32 ಬಿಟ್ ಯುಇಎಫ್‌ಐಗೆ ಬೆಂಬಲ ಇರಬೇಕು, ಅಷ್ಟು ನೋಡಿಕೊಳ್ಳಿ.

ಈಗ ಕೈಕೊಟ್ಟ ಕಥೆಗೆ ಬರುತ್ತೇನೆ. ಕೋರ್ 2 ಡ್ಯುಯೋಗೆ 256 ಜಿಬಿ ಪೆನ್‌ಡ್ರೈವ್ ಚುಚ್ಚಿ ಬೂಟ್ ಮಾಡಿದರೆ ಮೆನು ಬರಲಿಲ್ಲ. ಕಪ್ಪು ಪರದೆ ಮೇಲೆ "ಅಟೆಂಪ್ಟ್ ಟು ರೀಡ್ ಆರ್ ರೈಟ್ ಔಟ್‌ಸೈಡ್ ಆಫ್ ಡಿಸ್ಕ್" ಅನ್ನುವ ಸಾಲು, ಕೆಳಗೆ ಗ್ರಬ್ ರೆಸ್ಕ್ಯೂ, ಅಂದರೆ ಬೂಟ್ ಮಾಡಿಸುವ ಗ್ರಬ್ ಮುಂದೆ ಹೋಗಲಾಗದೆ ನಿಂತಾಗ ಬರುವ ಸಾಲು. ಡಿಸ್ಕ್‌ನ ಆಚೆಗೆ ಓದಲು ಹೋಗುತ್ತಿದ್ದೀಯ ಅಂತ ಅದರ ದೂರು. 256 ಅಂತ ಮೇಲೆ ಬರೆದು ಒಳಗೆ 32 ಇಟ್ಟು ಮಾರುವ ನಕಲಿ ಪೆನ್‌ಡ್ರೈವ್‌ಗಳು ಎಷ್ಟಿಲ್ಲ, ಅಲ್ವಾ? ಅದಕ್ಕೇ ಎಚ್2ಟೆಸ್ಟ್‌ಡಬ್ಲ್ಯೂ ಹಾಕಿ ಪೂರ್ತಿ ಪರೀಕ್ಷೆ ಮಾಡಿದೆ. ರಾತ್ರಿ ಬಿಟ್ಟು ಮಲಗಿದರೆ ಬೆಳಿಗ್ಗೆ ಹೊತ್ತಿಗೆ ಎಲ್ಲ ಸರಿ ಇದೆ ಅಂತ ಬಂತು. ಪೆನ್‌ಡ್ರೈವ್ ಅಸಲಿಯೇ. ಡ್ರಾಯರ್‌ನಲ್ಲಿದ್ದ 32 ಜಿಬಿ ಪೆನ್‌ಡ್ರೈವ್‌ಗೆ ಅದೇ ವೆಂಟಾಯ್ ಹಾಕಿ ಅದೇ ಪೋರ್ಟ್‌ಗೆ ಚುಚ್ಚಿದೆ. ಮೆನು ಥಟ್ಟನೆ ಬಂತು!

ತೊಂದರೆ ಇದ್ದದ್ದು ಬಯೋಸ್‌ನಲ್ಲಿ. ಡಿಸ್ಕನ್ನು 512 ಬೈಟ್‌ನ ಸೆಕ್ಟರ್‌ಗಳಾಗಿ ಎಣಿಸುತ್ತಾರೆ. ಕೆಲವು ಹಳೆ ಬಯೋಸ್‌ಗಳು ಸೆಕ್ಟರ್ ನಂಬರ್‌ಗೆ ಇಟ್ಟಿರುವ ಜಾಗ 28 ಬಿಟ್ ಮಾತ್ರ. ಮೂರೇ ಅಂಕಿ ಬರೆಯಲು ಚೌಕ ಇರುವ ರಸೀದಿ ಪುಸ್ತಕದಲ್ಲಿ 999 ಆದಮೇಲೆ ನಂಬರ್ ಹಾಕಲಾಗದಲ್ಲ, ಹಾಗೆ. ಎರಡರ 28ನೇ ಘಾತವನ್ನು 512ರಿಂದ ಗುಣಿಸಿ, ಸುಮಾರು 137 ಜಿಬಿ ಬರುತ್ತದೆ. ವಿಂಡೋಸ್ ತೋರಿಸುವ ಲೆಕ್ಕದಲ್ಲಿ ಅದು 128. ಅದರಾಚೆ ಏನಿದ್ದರೂ ಆ ಬಯೋಸ್‌ಗೆ ಕಾಣುವುದಿಲ್ಲ. ವೆಂಟಾಯ್ ಮಾಡುವುದು ಎರಡು ಪಾರ್ಟಿಷನ್. ಐಎಸ್‌ಒ ಇಡುವ ದೊಡ್ಡದು ಮೊದಲು. ಮೆನು, ಬೂಟ್ ಫೈಲ್‌ಗಳು ಇರುವ 32 ಎಂಬಿಯದು ಡಿಸ್ಕ್‌ನ ಕಟ್ಟಕಡೆಗೆ. 256 ಜಿಬಿಯಲ್ಲಿ ಕಟ್ಟಕಡೆ ಅಂದರೆ ಬಯೋಸ್‌ನ ಕಣ್ಣಿಗೆ ಬೀಳದ ಜಾಗ. ಶುರುವಿನ ಕೋಡ್ ಓಡುತ್ತದೆ, ಮುಂದಿನದನ್ನು ತರಲು ಹೋಗಿ ನಿಂತುಬಿಡುತ್ತದೆ.

ಇದಕ್ಕೆ ಮದ್ದು ವೆಂಟಾಯ್ ಒಳಗೇ ಇದೆ. ಹಾಕುವ ಮುಂಚೆ ಆಪ್ಷನ್ ಮೆನುವಿನಲ್ಲಿ ಪಾರ್ಟಿಷನ್ ಕಾನ್ಫಿಗರೇಷನ್ ಅಂತ ಇರುತ್ತದೆ. ಡಿಸ್ಕ್‌ನ ಕೊನೆಯಲ್ಲಿ ಎಷ್ಟು ಜಾಗ ಖಾಲಿ ಬಿಡಬೇಕು ಅಂತ ಅಲ್ಲಿ ಹೇಳಬಹುದು. ನಾನು 120 ಜಿಬಿ ಬಿಟ್ಟೆ. ಆಗ ಎರಡೂ ಪಾರ್ಟಿಷನ್ ಮುಂದಿನ ಅರ್ಧದಲ್ಲೇ ಕೂತವು, ಕೋರ್ 2 ಡ್ಯುಯೋದಲ್ಲಿ ಮೆನು ಬಂತು. ಖಾಲಿ ಬಿಟ್ಟ ಜಾಗದಲ್ಲಿ ಇನ್ನೊಂದು ಪಾರ್ಟಿಷನ್ ಮಾಡಿ ಮಾಮೂಲಿ ಫೈಲ್ ಇಟ್ಟುಕೊಳ್ಳಬಹುದು. ಆದರೆ ಇಷ್ಟೆಲ್ಲ ಮಾಡಿದ ಮೇಲೆ ನನಗೆ ಬೂಟ್ ಕೆಲಸಕ್ಕೆ ಸಿಕ್ಕಿದ್ದು ಅರ್ಧ ಪೆನ್‌ಡ್ರೈವ್. ದುಡ್ಡು ಕೊಟ್ಟಿದ್ದು ಪೂರ್ತಿಗೆ. ಹಳೆ ಸಿಸ್ಟಂಗೇ ಅಂತ ಕೊಳ್ಳುವುದಾದರೆ 128 ಜಿಬಿ ದಾಟಬೇಡಿ. 32 ಅಥವಾ 64 ಧಾರಾಳ ಸಾಕು.

ವೆಂಟಾಯ್ ಮೇಲೆ ಇನ್ನೊಂದು ಆಕ್ಷೇಪ ಇದೆ. ಅದರ ಸೋರ್ಸ್ ಕೋಡ್ ಜೊತೆ ಮೊದಲೇ ಕಂಪೈಲ್ ಮಾಡಿಟ್ಟ ಬೈನರಿ ಫೈಲ್‌ಗಳು ಬರುತ್ತವೆ, ಅವುಗಳ ಒಳಗೇನಿದೆ ಅಂತ ನೋಡುವುದು ಕಷ್ಟ ಅಂತ ಕೆಲವರು ಹೇಳುತ್ತಾರೆ. ಆಫೀಸಿನ ಸಿಸ್ಟಂ ಆಗಿದ್ದರೆ ನಾನೂ ಯೋಚಿಸುತ್ತಿದ್ದೆ. ಮಕ್ಕಳ ಟೈಪಿಂಗ್ ಸಿಸ್ಟಂಗೆ ನನಗೆ ಅದು ಅಡ್ಡಿ ಅನ್ನಿಸಲಿಲ್ಲ.

ರೂಫಸ್ ವಿಷಯಕ್ಕೆ ಬಂದರೆ, ವಿಂಡೋಸ್ ಹಾಕುವುದೊಂದೇ ಕೆಲಸ ಆಗಿದ್ದರೆ ಇದೇ ಮೇಲು. ಚಿಕ್ಕ ಫೈಲ್, ಇನ್‌ಸ್ಟಾಲ್ ಮಾಡುವ ಹಾಗೇ ಇಲ್ಲ. ಹಳೆ ಬಯೋಸ್‌ಗೆ ಪಾರ್ಟಿಷನ್ ಸ್ಕೀಮ್ ಅನ್ನುವ ಕಡೆ ಎಂಬಿಆರ್ ಅಂತಿರಬೇಕು. ಎಂಬಿಆರ್, ಜಿಪಿಟಿ ಎರಡೂ ಡಿಸ್ಕ್‌ನ ಪಾರ್ಟಿಷನ್ ಲೆಕ್ಕ ಬರೆದಿಡುವ ಕ್ರಮಗಳು. ಜಿಪಿಟಿ ಇದ್ದರೆ ಹಳೆ ಬಯೋಸ್ ಅತ್ತ ತಿರುಗಿಯೂ ನೋಡುವುದಿಲ್ಲ. ಕೆಳಗೆ ಅಡ್ವಾನ್ಸ್ಡ್ ಡ್ರೈವ್ ಪ್ರಾಪರ್ಟೀಸ್ ಅನ್ನುವುದನ್ನು ತೆರೆದರೆ ಹಳೆ ಬಯೋಸ್‌ಗಳಿಗೆಂದೇ ಒಂದು ಟಿಕ್ ಇದೆ, ಹಟಮಾರಿ ಸಿಸ್ಟಂ ಆದರೆ ಅದನ್ನೂ ಹಾಕಿ ನೋಡಿ. ರೂಫಸ್ 4ನೇ ಆವೃತ್ತಿಯಿಂದ ವಿಂಡೋಸ್ 7ರಲ್ಲಿ ಓಡುವುದಿಲ್ಲ. ಪೆನ್‌ಡ್ರೈವ್ ತಯಾರು ಮಾಡುವ ಸಿಸ್ಟಮ್ಮೇ ಹಳೆಯದಾಗಿದ್ದರೆ 3.22 ಇಳಿಸಿಕೊಳ್ಳಿ.

ರೂಫಸ್‌ನಲ್ಲಿ ಟಿಪಿಎಂ (ಭದ್ರತೆಯ ಚಿಪ್) ಇಲ್ಲದ ಸಿಸ್ಟಂಗೂ ವಿಂಡೋಸ್ 11 ಹಾಕುವ ದಾರಿ ಇದೆ ಅಂತ ಕೇಳಿ ತುಂಬಾ ಜನ ಕೋರ್ 2 ಡ್ಯುಯೋ ಹಿಡಿದು ಬರುತ್ತಾರೆ. ರೂಫಸ್ ತೆಗೆಯುವುದು ಟಿಪಿಎಂ, ಸೆಕ್ಯೂರ್ ಬೂಟ್, 4 ಜಿಬಿ ರ‍್ಯಾಮ್ ಥರದ ತಪಾಸಣೆಗಳನ್ನು. ವಿಂಡೋಸ್ 11ರ 24ಎಚ್2 ಆವೃತ್ತಿಗೆ ಪ್ರೊಸೆಸರ್‌ನಲ್ಲೇ ಪಾಪ್‌ಕೌಂಟ್ ಅನ್ನುವ ಆದೇಶ (ಇನ್‌ಸ್ಟ್ರಕ್ಷನ್) ಇರಬೇಕು. ಕೋರ್ 2 ಡ್ಯುಯೋದಲ್ಲಿ ಅದು ಇಲ್ಲ. ಚಿಪ್‌ನಲ್ಲೇ ಇಲ್ಲದ್ದನ್ನು ಯಾವ ಪೆನ್‌ಡ್ರೈವೂ ತಂದುಕೊಡಲಾರದು. ಅವರ ಅರ್ಧ ದಿನ ಹಾಳಾಗದಿರಲಿ ಅಂತ ನಾನು ಇದನ್ನು ಮೊದಲೇ ಹೇಳಿಬಿಡುತ್ತೇನೆ.

ರೂಫಸ್‌ನಲ್ಲಿ ನನಗೆ ಸಾಲದೆ ಹೋದದ್ದು ಒಂದೇ: ಒಂದು ಪೆನ್‌ಡ್ರೈವ್‌ಗೆ ಒಂದು ಓಎಸ್. ಜೊತೆಗೆ ಅದು ಓಡುವುದು ವಿಂಡೋಸ್‌ನಲ್ಲಿ ಮಾತ್ರ, ನಾನು ದಿನಾ ಬಳಸುವುದು ಲಿನಕ್ಸ್.

ಲಿನಕ್ಸ್‌ನಲ್ಲಿ ಡಿಡಿ ಕಮಾಂಡ್ ಇದ್ದೇ ಇದೆ. ಏನೂ ಇಳಿಸಬೇಕಿಲ್ಲ, ಡೆಬಿಯನ್ ಥರದ ಲಿನಕ್ಸ್ ಐಎಸ್‌ಒಗಳನ್ನು ಇದ್ದ ಹಾಗೇ ಬರೆಯುತ್ತದೆ. ವಿಂಡೋಸ್ ಐಎಸ್‌ಒ ಹೀಗೆ ಬರೆದರೆ ಬೂಟ್ ಆಗುವುದಿಲ್ಲ. ಔಟ್‌ಪುಟ್ ಜಾಗದಲ್ಲಿ ಒಂದು ಅಕ್ಷರ ಹೆಚ್ಚುಕಮ್ಮಿ ಆದರೆ ಪೆನ್‌ಡ್ರೈವ್ ಬದಲು ಹಾರ್ಡ್‌ಡಿಸ್ಕ್ ಅಳಿಸಿಹೋಗುತ್ತದೆ. ಮಗ್ಗುಲಲ್ಲಿ ಮಕ್ಕಳು ನಿಂತು ಪ್ರಶ್ನೆ ಕೇಳುತ್ತಿರುವಾಗ ನಾನು ಇದನ್ನು ಮುಟ್ಟುವುದಿಲ್ಲ. ಎಚರ್ ಅನ್ನುವ ಆ್ಯಪ್ ಮಾಡುವುದೂ ಹೆಚ್ಚುಕಮ್ಮಿ ಇದೇ ಕೆಲಸ, ಕಣ್ಣಿಗೆ ಚಂದ, ಸಿಸ್ಟಂ ಡಿಸ್ಕ್ ಆರಿಸದಂತೆ ತಡೆಯುತ್ತದೆ. ಗಾತ್ರದಲ್ಲಿ ಮಾತ್ರ ರೂಫಸ್‌ಗಿಂತ ಎಷ್ಟೋ ಪಟ್ಟು ದೊಡ್ಡದು.

ಡಿವಿಡಿ? ಯುಎಸ್‌ಬಿಯಿಂದ ಬೂಟ್ ಆಗುವುದೇ ಗೊತ್ತಿಲ್ಲದಷ್ಟು ಹಳೆ ಸಿಸ್ಟಂಗೆ ಮಾತ್ರ. ಅಲ್ಲೂ ನಾನು ಪ್ಲಾಪ್ ಬೂಟ್ ಮ್ಯಾನೇಜರ್ ಅನ್ನು ಒಂದು ಸಿಡಿಗೆ ಬರೆದು, ಅದರಿಂದ ಪೆನ್‌ಡ್ರೈವ್‌ಗೆ ದಾಟಿಕೊಳ್ಳುತ್ತೇನೆ.

ನಮ್ಮ ಕಡೆ ನೆಟ್ ಆಗಾಗ ಕಡಿದುಹೋಗುತ್ತದೆ, ಇಳಿಸಿದ ಐಎಸ್‌ಒ ಅರೆಬರೆ ಇದ್ದರೂ ಗೊತ್ತಾಗುವುದಿಲ್ಲ. ವೆಂಟಾಯ್ ಮೆನುವಿನಲ್ಲೇ ಎಂ ಒತ್ತಿ ಚೆಕ್‌ಸಮ್ (ಫೈಲ್ ಪೂರ್ತಿ ಸರಿ ಇದೆಯೇ ಅಂತ ಹೋಲಿಸಿ ನೋಡುವ ಸಂಖ್ಯೆ) ನೋಡಿಕೊಳ್ಳಬಹುದು. ಯುಎಸ್‌ಬಿ 2ರಲ್ಲಿ ನಿಧಾನ, ಆದರೆ ಅರ್ಧ ಇನ್‌ಸ್ಟಾಲ್ ಆಗಿ ನಿಲ್ಲುವುದಕ್ಕಿಂತ ವಾಸಿ.

ಹೀಗಾಗಿ ಈಗ ನನ್ನ ಚೀಲದಲ್ಲಿ ಇರುವುದು ವೆಂಟಾಯ್ ಹಾಕಿದ 32 ಜಿಬಿ ಪೆನ್‌ಡ್ರೈವ್, ಜೊತೆಗೆ ರೂಫಸ್‌ನಿಂದ ವಿಂಡೋಸ್ ಬರೆದಿಟ್ಟ 16 ಜಿಬಿಯದೊಂದು. ಎರಡೂ ಸೇರಿ ಆ 256 ಜಿಬಿಗೆ ಕೊಟ್ಟಷ್ಟು ದುಡ್ಡಾಗಲಿಲ್ಲ. ನೀವು ವಿಂಡೋಸ್ ಮಾತ್ರ ಹಾಕುವವರಾದರೆ ರೂಫಸ್ ಒಂದೇ ಸಾಕು, ವೆಂಟಾಯ್ ಗೊಡವೆಯೇ ಬೇಡ. ನೆಟ್‌ಬುಕ್‌ನಂಥ 32 ಬಿಟ್ ಸಿಸ್ಟಂ ಇರುವವರು ಡೆಬಿಯನ್ 12ರ ಐ386 (32 ಬಿಟ್) ಐಎಸ್‌ಒ ಈಗಲೇ ಇಳಿಸಿ ಇಟ್ಟುಕೊಳ್ಳಿ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗೆ ಇನ್‌ಸ್ಟಾಲರ್ ಕೊಡುವುದನ್ನೇ ನಿಲ್ಲಿಸಿದ್ದಾರೆ.